ಕೊಲೊನೋಸ್ಕೋಪಿಗೆ ಮುನ್ನ ಕರುಳಿನ ಶುದ್ಧಿ: ಸಕ್ಕರೆ ಕಾಯಿಲೆಯವರು ತಿಳಿದಿರಬೇಕಾದ ಸಂಗತಿಗಳು

ನಮ್ಮ ಹುಳಿಯಾರಿನ ಕೊಬ್ಬರಿ ವ್ಯಾಪಾರಿಯೊಬ್ಬರನ್ನು ನಾನು ಚಾಚಾ ಎಂದೇ ಕರೆಯುವುದು. ವಯಸ್ಸು ಅರವತ್ತರ ಹತ್ತಿರ. ಸಕ್ಕರೆ ಕಾಯಿಲೆ ಬಂದು ಹದಿನೈದು ವರ್ಷವಾಗಿದೆ. ಮಲದಲ್ಲಿ ರಕ್ತ ಕಾಣಿಸಿದಾಗ ಮೂಲವ್ಯಾಧಿ ಇರಬೇಕೆಂದು ಆರು ತಿಂಗಳು ಯಾರಿಗೂ ಹೇಳದೆ ಸುಮ್ಮನಿದ್ದರು. ಮೆಟ್ಟಿಲು ಹತ್ತಿದರೆ ಏದುಸಿರು ಬರತೊಡಗಿದ ಮೇಲೆ ನನ್ನ ಬಳಿ ಬಂದರು. ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 9ಕ್ಕೆ ಇಳಿದಿತ್ತು. ಕೊಲೊನೋಸ್ಕೋಪಿ ಮಾಡಿಸಲೇಬೇಕು ಎಂದು ಹೇಳಿ ನಗರದ ಆಸ್ಪತ್ರೆಯೊಂದಕ್ಕೆ ಕಳುಹಿಸಿದೆ.

ನಾಲ್ಕು ದಿನ ಬಿಟ್ಟು ಬಂದವರ ಮುಖ ಬಾಡಿತ್ತು. "ಹಕೀಮ್ ಸಾಬ್, ಅವರು ಕೊಟ್ಟಿದ್ದನ್ನೆಲ್ಲ ಕುಡಿದೆ. ಆದರೂ ಕರುಳು ತೊಳೆದಿಲ್ಲ, ಏನೂ ಕಾಣಿಸ್ತಿಲ್ಲ ಅಂತ ಅರ್ಧಕ್ಕೇ ನಿಲ್ಲಿಸಿಬಿಟ್ಟರು. ವಾಪಸ್ ಬರೋವಾಗ ಬಸ್ಸಿನಲ್ಲಿ ಸಕ್ಕರೆ ಇಳಿದು ಕಣ್ಣು ಕತ್ತಲೆ ಬಂತು. ಇನ್ನು ನಾನು ಹೋಗೋದಿಲ್ಲ" ಎಂದರು.

ಕೂರಿಸಿಕೊಂಡು ಒಂದೊಂದಾಗಿ ಕೇಳಿದೆ. ಪರೀಕ್ಷೆಗೆ ಎರಡು ದಿನ ಮುಂಚಿನವರೆಗೂ ರಾಗಿ ಮುದ್ದೆ, ಸೊಪ್ಪಿನ ಸಾರು, ಕೊಬ್ಬರಿ ಚಟ್ನಿ ನಡೆದಿತ್ತು. ಹಿಂದಿನ ದಿನ ಆಸ್ಪತ್ರೆಯವರು 'ಫಾಸ್ಟಿಂಗ್' ಎಂದಿದ್ದನ್ನು ಚಾಚಿ ರೋಝಾ ಎಂದೇ ತಿಳಿದು ಹಗಲೆಲ್ಲ ನೀರನ್ನೂ ಕೊಟ್ಟಿರಲಿಲ್ಲ. ಆದರೆ ಸಕ್ಕರೆ ಮಾತ್ರೆ ಮಾತ್ರ ಎಂದಿನಂತೆ ನುಂಗಿಸಿದ್ದರು. ಆಸ್ಪತ್ರೆಯ ಚೀಟಿ ಇಂಗ್ಲಿಷಿನಲ್ಲಿತ್ತು, ಯಾರೂ ಓದಿರಲಿಲ್ಲ. ಇನ್ನೊಂದು ಮಾತನ್ನೂ ಹೇಳಬೇಕು. ಪರೀಕ್ಷೆಯ ಹಿಂದಿನ ರಾತ್ರಿಯವರೆಗೂ ಅವರು ತೆಗೆದುಕೊಂಡ ಇಸಬ್‌ಗೋಲ್ ಮತ್ತು ಕಬ್ಬಿಣದ ಮಾತ್ರೆ ನಾನೇ ಬರೆದುಕೊಟ್ಟವು. ನಿಲ್ಲಿಸಿ ಎಂದು ಹೇಳುವುದನ್ನು ಮರೆತವನೂ ನಾನೇ.

ಮೂರು ವಾರದ ನಂತರ ಸರಿಯಾದ ತಯಾರಿಯೊಂದಿಗೆ ಮತ್ತೆ ಕಳುಹಿಸಿದೆ. ಈ ಸಲ ಎರಡು ಗಂಟುಗಳು ಸಿಕ್ಕವು. ಮುಂದೆ ಕ್ಯಾನ್ಸರ್ ಆಗಬಹುದಾಗಿದ್ದ ಜಾತಿಯವು. ಅಲ್ಲೇ ತೆಗೆದುಹಾಕಿದರು. ಮೊದಲ ಸಲ 'ಇನ್ನು ಹೋಗೋದಿಲ್ಲ' ಎಂದ ಮಾತಿಗೇ ಅವರು ನಿಂತಿದ್ದರೆ ಏನಾಗುತ್ತಿತ್ತು ಎಂಬುದನ್ನು ನೀವೇ ಯೋಚಿಸಿ. ಈ ಲೇಖನ ಬರೆಯಲು ಅದೇ ಕಾರಣ.

ಕರುಳು ಏಕೆ ಅಷ್ಟು ಶುದ್ಧವಾಗಿರಬೇಕು?

ಕೊಲೊನೋಸ್ಕೋಪಿ ಎಂದರೆ ತುದಿಯಲ್ಲಿ ಕ್ಯಾಮೆರಾ ಇರುವ ಬಳುಕುವ ಕೊಳವೆಯನ್ನು ಗುದದ್ವಾರದ ಮೂಲಕ ಒಳಬಿಟ್ಟು ದೊಡ್ಡ ಕರುಳನ್ನು ನೋಡುವ ಪರೀಕ್ಷೆ. ಮಲದಲ್ಲಿ ರಕ್ತ, ಕಾರಣ ತಿಳಿಯದ ರಕ್ತಹೀನತೆ, ತೂಕ ಇಳಿಯುವುದು, ಮಲವಿಸರ್ಜನೆಯ ರೂಢಿ ಇದ್ದಕ್ಕಿದ್ದಂತೆ ಬದಲಾಗುವುದು, ಮನೆಯಲ್ಲಿ ಹತ್ತಿರದವರಿಗೆ ಕರುಳಿನ ಕ್ಯಾನ್ಸರ್ ಆಗಿರುವುದು, ಇಂಥ ಸಂದರ್ಭಗಳಲ್ಲಿ ವೈದ್ಯರು ಇದನ್ನು ಸೂಚಿಸುತ್ತಾರೆ. ದೊಡ್ಡ ಕರುಳಿನ ಕ್ಯಾನ್ಸರ್ ಬಹುತೇಕ ಪಾಲಿಪ್ ಎಂಬ ಸಣ್ಣ ಗಂಟಿನಿಂದ ಶುರುವಾಗಿ ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ಗಂಟಿನ ಹಂತದಲ್ಲೇ ಕಂಡರೆ ಅದೇ ಕೊಳವೆಯ ಮೂಲಕ ತೆಗೆಯಬಹುದು. ಸಕ್ಕರೆ ಕಾಯಿಲೆ ಇರುವವರಲ್ಲಿ ಈ ಕ್ಯಾನ್ಸರಿನ ಅಪಾಯ ಇತರರಿಗಿಂತ ಸ್ವಲ್ಪ ಹೆಚ್ಚು.

ಗಂಟು ಕೆಲವೊಮ್ಮೆ ಕಾಳುಮೆಣಸಿನಷ್ಟು ಚಿಕ್ಕದು, ಕೆಲವೊಮ್ಮೆ ಗೋಡೆಗೆ ಅಂಟಿಕೊಂಡಂತೆ ಚಪ್ಪಟೆ. ಅದರ ಮೇಲೆ ಮಲದ ಒಂದು ತೆಳು ಪದರವಿದ್ದರೂ ಕಣ್ತಪ್ಪುತ್ತದೆ. ಅದಕ್ಕಾಗಿ ವೈದ್ಯರು ಶುದ್ಧಿಗೆ ಅಂಕ ಕೊಡುತ್ತಾರೆ. 'ಬೋಸ್ಟನ್ ಸ್ಕೇಲ್' ಎಂಬ ಅಳತೆಯಲ್ಲಿ ದೊಡ್ಡ ಕರುಳನ್ನು ಮೂರು ಭಾಗ ಮಾಡಿ ಪ್ರತಿ ಭಾಗಕ್ಕೆ 0ಯಿಂದ 3ರವರೆಗೆ ಅಂಕ. ಒಟ್ಟು 9. ಪ್ರತಿ ಭಾಗಕ್ಕೂ ಕನಿಷ್ಠ 2 ಬಂದಿದ್ದರೆ ಪರೀಕ್ಷೆಯನ್ನು ನಂಬಬಹುದು. ನಿಮ್ಮ ರಿಪೋರ್ಟಿನಲ್ಲಿ ಈ ಅಂಕ ಇದೆಯೇ ಎಂದು ಕೇಳಿ ತಿಳಿದುಕೊಳ್ಳಿ.

ಸಕ್ಕರೆ ಕಾಯಿಲೆಯವರಿಗೆ ಏಕೆ ಕಷ್ಟ?

ಮೂರು ಕಾರಣಗಳಿವೆ. ಮೊದಲನೆಯದು, ಬಹುಕಾಲದ ಸಕ್ಕರೆ ಕಾಯಿಲೆ ಕಾಲಿನ ನರಗಳನ್ನು ಜೋಮು ಹಿಡಿಸುವಂತೆ ಕರುಳನ್ನು ನಡೆಸುವ ನರಗಳನ್ನೂ ಮಂದಗೊಳಿಸುತ್ತದೆ. ಹೊಟ್ಟೆಯಿಂದ ಆಹಾರ ಮುಂದೆ ಸಾಗುವುದು ನಿಧಾನ, ಮಲಬದ್ಧತೆ ಸಾಮಾನ್ಯ. ಆದ್ದರಿಂದ ಬೇರೆಯವರಿಗೆ ಸಾಕಾಗುವ ಔಷಧಿ ಇವರಿಗೆ ಸಾಲದೆ ಹೋಗಬಹುದು.

ಎರಡನೆಯದು, ಊಟ ಬಿಟ್ಟು ಮಾತ್ರೆ ನುಂಗಿದರೆ ಸಕ್ಕರೆ ಅಪಾಯಕಾರಿಯಾಗಿ ಇಳಿಯುತ್ತದೆ. ಮೂರನೆಯದು, ಅನೇಕರ ಮೂತ್ರಪಿಂಡ ಅವರಿಗೆ ಗೊತ್ತಿಲ್ಲದಂತೆಯೇ ಸೊರಗಿರುತ್ತದೆ. ತಪ್ಪು ಭೇದಿ ಔಷಧಿ ಅದನ್ನು ಇನ್ನಷ್ಟು ಕೆಡಿಸಬಹುದು.

ಆದ್ದರಿಂದ ಪರೀಕ್ಷೆಯ ದಿನಾಂಕ ಗೊತ್ತು ಮಾಡುವಾಗಲೇ ವೈದ್ಯರಿಗೆ ನಾಲ್ಕು ವಿಷಯ ಹೇಳಿ: ಸಕ್ಕರೆ ಕಾಯಿಲೆ ಎಷ್ಟು ವರ್ಷದ್ದು, ಮಲಬದ್ಧತೆ ಇದೆಯೇ, ಕ್ರಿಯಾಟಿನಿನ್ ಎಷ್ಟು, ಯಾವ ಯಾವ ಮಾತ್ರೆ ನಡೆಯುತ್ತಿದೆ. ಮಾತ್ರೆಗಳ ಹೆಸರು ನೆನಪಿರುವುದಿಲ್ಲ, ಖಾಲಿ ಪಟ್ಟಿಗಳನ್ನೇ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಮಲಬದ್ಧತೆ ಇದ್ದರೆ ವೈದ್ಯರು ಕೆಲವು ದಿನ ಮೊದಲೇ ಹೆಚ್ಚುವರಿ ಔಷಧಿ ಶುರುಮಾಡಬಹುದು.

ಊಟ: ಒಳ್ಳೆಯದೇ ಅಡ್ಡಿಯಾಗುವ ಮೂರು ದಿನ

ಇಲ್ಲೊಂದು ವಿಚಿತ್ರವಿದೆ. ರಾಗಿ ತಿನ್ನಿ, ಸೊಪ್ಪು ತಿನ್ನಿ, ಕಾಳು ತಿನ್ನಿ ಎಂದು ವರ್ಷವಿಡೀ ಹೇಳುವ ನಾನೇ ಈ ಮೂರು ದಿನ ಅವೆಲ್ಲ ಬೇಡ ಎನ್ನಬೇಕಾಗಿದೆ. ನಾರಿನಂಶ ಸಕ್ಕರೆಯನ್ನು ಹತೋಟಿಯಲ್ಲಿಡುತ್ತದೆ ನಿಜ. ಆದರೆ ಅದೇ ನಾರು ಕರುಳಿನ ಗೋಡೆಗೆ ಅಂಟಿಕೊಂಡು ಕ್ಯಾಮೆರಾದ ದಾರಿ ಮುಚ್ಚುತ್ತದೆ. ಎಲ್ಲರಿಗೂ ಹಿಂದಿನ ಒಂದು ದಿನದ ಪಥ್ಯ ಸಾಕೆಂದರೂ, ಕರುಳು ಮಂದವಾಗಿರುವ ಸಕ್ಕರೆ ಕಾಯಿಲೆಯವರು ಮೂರು ದಿನ ಮಾಡುವುದು ಕ್ಷೇಮ.

ಬಿಡಬೇಕಾದವು: ರಾಗಿ ಮತ್ತು ಸಿರಿಧಾನ್ಯ, ಅವರೆಕಾಳು, ಹುರುಳಿ, ಕಡಲೆ, ಎಲ್ಲ ಸೊಪ್ಪು, ಸಿಪ್ಪೆ ಬೀಜ ಇರುವ ತರಕಾರಿ, ಸೀಬೆ, ದಾಳಿಂಬೆ, ಎಳ್ಳು, ಕಾಮಕಸ್ತೂರಿ ಬೀಜ, ಖರ್ಜೂರ, ಒಣದ್ರಾಕ್ಷಿ. ಇವೆಲ್ಲಕ್ಕಿಂತ ಮುಖ್ಯವಾಗಿ ನಮ್ಮ ಕಡೆಯವರು ಬಿಡಬೇಕಾದದ್ದು ತೆಂಗಿನಕಾಯಿ ಮತ್ತು ಕೊಬ್ಬರಿ. ತುರಿದರೂ ರುಬ್ಬಿದರೂ ಅದರ ಚರಟೆ ಉಳಿಯುತ್ತದೆ. ಹುಳಿಯಾರು, ತಿಪಟೂರು, ತುರುವೇಕೆರೆ ಕಡೆಯ ಅಡುಗೆಯಲ್ಲಿ ಕಾಯಿ ಬೀಳದ ಸಾರೇ ಇಲ್ಲ. ಚಟ್ನಿ, ಪಲ್ಯ, ಕುರ್ಮ ಎಲ್ಲದರಲ್ಲೂ ಅದು ಅಡಗಿರುತ್ತದೆ. ಆದ್ದರಿಂದ ಅಡುಗೆ ಮಾಡುವವರಿಗೇ ಈ ಪಟ್ಟಿ ಓದಿ ಹೇಳಿ.

ತಿನ್ನಬಹುದಾದವು: ಮೆತ್ತಗೆ ಬೆಂದ ಬಿಳಿ ಅನ್ನ, ಇಡ್ಲಿ, ರವೆ ಗಂಜಿ, ಮೊಸರು, ಮಜ್ಜಿಗೆ, ಮೊಟ್ಟೆ, ಮೀನು, ಚರ್ಮ ತೆಗೆದ ಕೋಳಿ, ಸಿಪ್ಪೆ ತೆಗೆದು ಬೇಯಿಸಿದ ಆಲೂಗಡ್ಡೆ. ಬಿಳಿ ಅನ್ನ ಸಕ್ಕರೆಯನ್ನು ಬೇಗ ಏರಿಸುತ್ತದೆ. ಹಾಗಾಗಿ ಅನ್ನ ಸ್ವಲ್ಪ, ಜೊತೆಗೆ ಮೊಟ್ಟೆ ಅಥವಾ ಮೀನು, ಮೂರು ಸಲದ ಬದಲು ಐದು ಸಲ ಸ್ವಲ್ಪ ಸ್ವಲ್ಪ ತಿನ್ನಿ. ಮೂರು ದಿನ ಸಕ್ಕರೆ ಒಂದಿಷ್ಟು ಏರಿದರೆ ಗಾಬರಿ ಬೇಡ, ಈ ಸಮಯದಲ್ಲಿ ತೀರಾ ಇಳಿಯುವುದೇ ಹೆಚ್ಚು ಅಪಾಯ.

ಇಸಬ್‌ಗೋಲ್, ಮೆಂತ್ಯದ ಪುಡಿ, ನೇರಳೆ ಬೀಜದ ಪುಡಿ, ಕಲೌಂಜಿ, ಕಬ್ಬಿಣದ ಮಾತ್ರೆ ಇವನ್ನು ಒಂದು ವಾರ ಮೊದಲೇ ನಿಲ್ಲಿಸಿ. ಕಬ್ಬಿಣ ಮಲವನ್ನು ಕಪ್ಪಾಗಿ ಅಂಟಂಟಾಗಿಸುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ಇದ್ದರೆ ಮಾತ್ರ ನೀವಾಗಿಯೇ ನಿಲ್ಲಿಸಬೇಡಿ. ಬರೆದುಕೊಟ್ಟ ವೈದ್ಯರನ್ನು ಕೇಳಿ.

ಹಿಂದಿನ ದಿನ: ಇದು ರೋಝಾ ಅಲ್ಲ

ಆಸ್ಪತ್ರೆಯವರು ಹೇಳುವ 'ಫಾಸ್ಟಿಂಗ್' ನಮ್ಮ ಉಪವಾಸವಲ್ಲ. ಗಟ್ಟಿ ಆಹಾರ ಬೇಡ ಎಂದಷ್ಟೇ ಅದರ ಅರ್ಥ. ಬೆಳಿಗ್ಗೆ ಲಘು ಆಹಾರವಿರಬೇಕೇ, ಪೂರ್ತಿ ದ್ರವವೇ ಎಂಬುದನ್ನು ಆಸ್ಪತ್ರೆಯ ಚೀಟಿಯಂತೆ ಮಾಡಿ. ದ್ರವವನ್ನಂತೂ ಧಾರಾಳವಾಗಿ ಕುಡಿಯಬೇಕು. ಲೋಟದ ಈ ಕಡೆಯಿಂದ ನೋಡಿದರೆ ಆ ಕಡೆ ಕಾಣುವಂಥದ್ದೇ ತಿಳಿ ದ್ರವ: ನೀರು, ಹಾಲಿಲ್ಲದ ಚಹಾ, ಸೋಸಿದ ನಿಂಬೆ ಪಾನಕ, ಸೋಸಿದ ಕೋಳಿ ಸೂಪು, ಸೋಸಿದ ಸೇಬಿನ ರಸ, ಗಂಜಿಯಿಲ್ಲದ ಎಳನೀರು. ಹಾಲು ಸೇರುವುದಿಲ್ಲ. ಕೆಂಪು, ನೇರಳೆ ಬಣ್ಣದ ಪಾನೀಯ ಬೇಡವೇ ಬೇಡ. ರೂಹ್ ಅಫ್ಜಾ ಕುಡಿದರೆ ಒಳಗೆ ಅದು ರಕ್ತದಂತೆಯೇ ಕಾಣುತ್ತದೆ.

ಎಳನೀರಿನ ಬಗ್ಗೆ ಒಂದು ಎಚ್ಚರಿಕೆ. ಅದರಲ್ಲಿ ಪೊಟ್ಯಾಷಿಯಂ ಹೆಚ್ಚು. ಮೂತ್ರಪಿಂಡದ ತೊಂದರೆ ಇರುವವರು, ಬಿ.ಪಿ.ಗಾಗಿ 'ಪ್ರಿಲ್' ಅಥವಾ 'ಸಾರ್ಟಾನ್' ಎಂದು ಕೊನೆಯಾಗುವ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಕುಡಿಯಬಾರದು.

ಸಕ್ಕರೆ ಕಾಯಿಲೆ ಎಂದು ಬರೀ ನೀರಿನಲ್ಲೇ ದಿನ ಕಳೆಯುವುದೂ ತಪ್ಪು. ಊಟದ ಹೊತ್ತಿಗೆ ಸಿಹಿಯಿರುವ ತಿಳಿ ದ್ರವ ಸ್ವಲ್ಪ ಹೋಗಲೇಬೇಕು. 200 ಮಿ.ಲೀ. ಸೇಬಿನ ರಸದಲ್ಲಿ ಸುಮಾರು 20 ಗ್ರಾಂ ಸಕ್ಕರೆ ಇರುತ್ತದೆ. ಆ ದಿನಕ್ಕೆ ಅದು ವಿಷವಲ್ಲ, ಆಹಾರ.

ಮಾತ್ರೆ ಮತ್ತು ಇನ್ಸುಲಿನ್

ಇದನ್ನು ನಿಮ್ಮ ವೈದ್ಯರಿಂದ ಕಾಗದದ ಮೇಲೆ ಬರೆಸಿಕೊಳ್ಳಿ. ನೀವು ಏನು ಕೇಳಬೇಕು ಎಂಬುದನ್ನು ಮಾತ್ರ ನಾನು ಹೇಳುತ್ತೇನೆ.

ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್: ಇವು ಮೂತ್ರದ ಮೂಲಕ ಸಕ್ಕರೆ ಹೊರಹಾಕುವ ಮಾತ್ರೆಗಳು. ಸಾಮಾನ್ಯವಾಗಿ ಮೂರು ದಿನ ಮೊದಲೇ ನಿಲ್ಲಿಸುತ್ತಾರೆ. ಊಟವಿಲ್ಲದೆ ಇವನ್ನು ನುಂಗಿದರೆ ರಕ್ತದಲ್ಲಿ ಕೀಟೋನ್ ಎಂಬ ಆಮ್ಲ ಸೇರಿಕೊಳ್ಳಬಹುದು. ಗ್ಲುಕೋಮೀಟರಿನಲ್ಲಿ ಸಕ್ಕರೆ ಸರಿಯಾಗಿಯೇ ಕಾಣುತ್ತಿರುತ್ತದೆ, ಅದೇ ಇದರ ಮೋಸ. ಬೇರೆ ಮಾತ್ರೆಯೊಂದಿಗೆ ಬೆರೆತೂ ಬರುತ್ತವೆ, ಆದ್ದರಿಂದ ಪಟ್ಟಿಯ ಹಿಂದಿನ ಸಣ್ಣ ಅಕ್ಷರ ಓದಿಸಿ.

ಗ್ಲಿಮಿಪಿರೈಡ್, ಗ್ಲಿಕ್ಲಾಜೈಡ್, ಗ್ಲಿಬೆನ್‌ಕ್ಲಮೈಡ್: ಊಟ ಇಲ್ಲದಾಗ ಸಕ್ಕರೆಯನ್ನು ಕೆಳಗೆ ತಳ್ಳುವ ಮಾತ್ರೆಗಳಿವು. ಚಾಚಾಗೆ ಬಸ್ಸಿನಲ್ಲಿ ಕಣ್ಣು ಕತ್ತಲೆ ಬರಿಸಿದ್ದು ಇದೇ ಜಾತಿಯ ಮಾತ್ರೆ. ದ್ರವಾಹಾರದ ದಿನ ಮತ್ತು ಪರೀಕ್ಷೆಯ ಬೆಳಿಗ್ಗೆ ಬಿಡಬೇಕೇ ಎಂದು ಕೇಳಿ.

ಮೆಟ್‌ಫಾರ್ಮಿನ್: ಪರೀಕ್ಷೆಯ ದಿನ ಸಾಮಾನ್ಯವಾಗಿ ಬಿಡುತ್ತಾರೆ. ಹಿಂದಿನ ದಿನದ್ದನ್ನು ಕೇಳಿ.

ಇನ್ಸುಲಿನ್: ಪೂರ್ತಿ ನಿಲ್ಲಿಸುವುದಲ್ಲ, ಪ್ರಮಾಣ ತಗ್ಗಿಸುವುದು. ಎಷ್ಟು ತಗ್ಗಿಸಬೇಕೆಂದು ವೈದ್ಯರೇ ಹೇಳಬೇಕು. ಚಿಕ್ಕಂದಿನಿಂದ ಇನ್ಸುಲಿನ್ ಮೇಲೆಯೇ ಇರುವವರು ದೀರ್ಘಕಾಲ ಕೆಲಸ ಮಾಡುವ ಇನ್ಸುಲಿನ್ನನ್ನು ಯಾವ ಕಾರಣಕ್ಕೂ ನಿಲ್ಲಿಸಬಾರದು.

ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಸೆಮಾಗ್ಲುಟೈಡ್‌ನಂಥ ಔಷಧಿ ಹೊಟ್ಟೆ ಖಾಲಿಯಾಗುವುದನ್ನು ತಡಮಾಡುತ್ತದೆ. ಅದನ್ನೂ ಮುಚ್ಚಿಡದೆ ಹೇಳಿ.

ಹಿಂದಿನ ದಿನ ಮೂರು ನಾಲ್ಕು ಗಂಟೆಗೊಮ್ಮೆ, ಮಲಗುವ ಮುನ್ನ, ಬೆಳಗಿನ ಜಾವ ಸಕ್ಕರೆ ಪರೀಕ್ಷಿಸಿ. 70ಕ್ಕಿಂತ ಕಡಿಮೆ ಬಂದರೆ, ಅಥವಾ ಬೆವರು, ನಡುಕ, ತಲೆ ಸುತ್ತು ಬಂದರೆ, ಮೂರು ಚಮಚ ಸಕ್ಕರೆ ಅಥವಾ ಗ್ಲುಕೋಸ್ ಪುಡಿಯನ್ನು ನೀರಿನಲ್ಲಿ ಕರಗಿಸಿ ಕೂಡಲೇ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಆಗಲೂ ಏರದಿದ್ದರೆ ಇನ್ನೊಮ್ಮೆ ಕುಡಿಯಿರಿ. 'ಪರೀಕ್ಷೆ ಹಾಳಾಗುತ್ತದೆ' ಎಂದು ಹಿಂಜರಿಯಬೇಡಿ. ಪ್ರಾಣ ಮೊದಲು, ಪರೀಕ್ಷೆ ಆಮೇಲೆ. ಏನು ಕುಡಿದಿರಿ, ಯಾವಾಗ ಕುಡಿದಿರಿ ಎಂಬುದನ್ನು ಆಸ್ಪತ್ರೆಯಲ್ಲಿ ಹೇಳಿದರಾಯಿತು.

ಔಷಧಿ ಕುಡಿಯುವ ಬಗೆ

ಹೆಚ್ಚಾಗಿ ಕೊಡುವುದು ಪಾಲಿಎಥಿಲೀನ್ ಗ್ಲೈಕಾಲ್ ಪುಡಿ. ನಮ್ಮಲ್ಲಿ ಸಾಮಾನ್ಯವಾಗಿ ಒಂದು ಪೊಟ್ಟಣವನ್ನು ಎರಡು ಲೀಟರ್ ನೀರಿನಲ್ಲಿ ಕರಗಿಸಿ ಕುಡಿಯುವುದು. ಇದು ರಕ್ತಕ್ಕೆ ಸೇರದೆ ನೀರನ್ನು ಕರುಳಿನಲ್ಲೇ ಹಿಡಿದಿಟ್ಟು ತೊಳೆಯುತ್ತದೆ, ಸಕ್ಕರೆ ಏರಿಸುವುದಿಲ್ಲ. ಸೋಡಿಯಂ ಫಾಸ್ಫೇಟ್ ಎಂಬ ಇನ್ನೊಂದು ಬಗೆಯಿದೆ. ಅದನ್ನು ಸ್ವಲ್ಪವೇ ಕುಡಿದರೆ ಸಾಕು, ಆದ್ದರಿಂದ ಜನಕ್ಕೆ ಇಷ್ಟ. ಆದರೆ ಅದು ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲದೆಂದು 2008ರಲ್ಲೇ ಅಮೆರಿಕದ ಔಷಧ ನಿಯಂತ್ರಕರು ಕಟ್ಟುನಿಟ್ಟಿನ ಎಚ್ಚರಿಕೆ ಕೊಟ್ಟಿದ್ದಾರೆ. ಸಕ್ಕರೆ ಕಾಯಿಲೆಯವರು, ವಯಸ್ಸಾದವರು ಅಂಗಡಿಯಲ್ಲಿ ಕೇಳಿ ತಂದು ಅದನ್ನು ಕುಡಿಯಬಾರದು.

ಎಲ್ಲವನ್ನೂ ಹಿಂದಿನ ಸಂಜೆಯೇ ಮುಗಿಸುವುದಕ್ಕಿಂತ ಎರಡು ಪಾಲು ಮಾಡುವುದು ಉತ್ತಮ ಎಂಬುದು ಈಗ ಎಲ್ಲ ಕಡೆ ಒಪ್ಪಿದ ಮಾತು. ರಾತ್ರಿಯೆಲ್ಲ ಸಣ್ಣ ಕರುಳಿನಿಂದ ಪಿತ್ತರಸ ಇಳಿದು ದೊಡ್ಡ ಕರುಳನ್ನು ಮತ್ತೆ ಮಲಿನ ಮಾಡುವುದರಿಂದ ಎರಡನೆಯ ಪಾಲು ಅಗತ್ಯ. ಪರೀಕ್ಷೆ ಬೆಳಿಗ್ಗೆ 10ಕ್ಕೆ ಎಂದಿಟ್ಟುಕೊಳ್ಳಿ. ಮೊದಲ ಪಾಲು ಹಿಂದಿನ ಸಂಜೆ 6ರಿಂದ 8ರೊಳಗೆ. ಎರಡನೆಯದು ಬೆಳಗಿನ ಜಾವ 5ಕ್ಕೆ ಶುರುಮಾಡಿ 7ರೊಳಗೆ ಮುಗಿಸುವುದು. ಆಮೇಲೆ ಆಸ್ಪತ್ರೆಯವರು ಹೇಳಿದ ಹೊತ್ತಿನಿಂದ ನೀರೂ ಇಲ್ಲ. ಸಹರಿಗೆ ಎದ್ದು ರೂಢಿಯಿರುವ ಮನೆಗಳಿಗೆ ಇದು ದೊಡ್ಡ ಕಷ್ಟವಲ್ಲ.

ಕಷ್ಟ ಇರುವುದು ಪ್ರಯಾಣದಲ್ಲಿ. ಬೆಳಿಗ್ಗೆ ಔಷಧಿ ಕುಡಿದು ಹುಳಿಯಾರಿನಿಂದ ತುಮಕೂರಿಗೋ ಬೆಂಗಳೂರಿಗೋ ಬಸ್ಸು ಹತ್ತಲು ಆಗುವುದಿಲ್ಲ. ಅದಕ್ಕೆ ಹೆದರಿ ಜನ ಎರಡನೆಯ ಪಾಲನ್ನು ಬಿಟ್ಟುಬಿಡುತ್ತಾರೆ. ಹಿಂದಿನ ದಿನವೇ ಹೋಗಿ ಆಸ್ಪತ್ರೆಯ ಹತ್ತಿರದ ನೆಂಟರ ಮನೆಯಲ್ಲಿ ಉಳಿಯಿರಿ. ಸಕ್ಕರೆ ಕಾಯಿಲೆ ಇದೆಯೆಂದು ಹೇಳಿ ಬೆಳಗಿನ ಸರದಿಯನ್ನೇ ಕೇಳಿ ಪಡೆಯಿರಿ. ಹಸಿವಿನ ಹೊತ್ತು ಕಡಿಮೆಯಾಗುತ್ತದೆ.

ಒಂದು ಲೋಟವನ್ನು 10ರಿಂದ 15 ನಿಮಿಷದಲ್ಲಿ ಕುಡಿಯಿರಿ. ತಣ್ಣಗಿದ್ದರೆ ರುಚಿ ಸಹಿಸಬಹುದು, ಎರಡು ಹನಿ ನಿಂಬೆ ಹಿಂಡಬಹುದು. ನಡುವೆ ಮನೆಯೊಳಗೆ ಓಡಾಡಿ. ವಾಕರಿಕೆ ಬಂದರೆ ಅರ್ಧ ಗಂಟೆ ನಿಲ್ಲಿಸಿ ಮುಂದುವರಿಸಿ. ಕೊನೆಗೆ ಹೋಗುವುದು ಮೂತ್ರದಂತೆ ತಿಳಿ ಹಳದಿ ನೀರಾಗಿರಬೇಕು. ಇನ್ನೂ ಕಂದು ಬಣ್ಣ, ಚೂರುಗಳಿದ್ದರೆ ಆಸ್ಪತ್ರೆಗೆ ಹೊರಡುವ ಮೊದಲೇ ಫೋನ್ ಮಾಡಿ ತಿಳಿಸಿ.

ನಮ್ಮ ಜುಲಾಬು ಸಾಲದೇ?

'ನೀವೇ ಯುನಾನಿ ವೈದ್ಯರು, ಒಂದು ಜುಲಾಬು ಕೊಟ್ಟುಬಿಡಿ, ಆ ಎರಡು ಲೀಟರ್ ಏಕೆ' ಎಂದು ಕೇಳುವವರಿದ್ದಾರೆ. ಇಸ್ತಿಫ್ರಾಗ್, ಅಂದರೆ ದೇಹದ ಕಲ್ಮಶ ಹೊರಹಾಕುವುದು, ನಮ್ಮ ಪದ್ಧತಿಯ ದೊಡ್ಡ ಅಂಗ. ಸನಾ, ಹರಳೆಣ್ಣೆ, ಅಮಲ್ತಾಸ್ ಎಲ್ಲವೂ ನಮ್ಮಲ್ಲಿವೆ. ಆದರೂ ನನ್ನ ಉತ್ತರ: ಬೇಡ. ಆ ಔಷಧಿಗಳು ಮಲವನ್ನು ಇಳಿಸುತ್ತವೆ, ಕ್ಯಾಮೆರಾಗೆ ಬೇಕಾದಷ್ಟು ಗೋಡೆಯನ್ನು ತೊಳೆಯುವುದಿಲ್ಲ. ಪುಡಿಯ ಜೊತೆಗೆ ಅವನ್ನೂ ನುಂಗಿದರೆ ನೀರು, ಲವಣ ವಿಪರೀತ ಹೋಗಿ ಸಕ್ಕರೆ ಕಾಯಿಲೆಯವರು ಕುಸಿಯುತ್ತಾರೆ. ಜುಲಾಬು ಕೊಡುವ ಮುನ್ನ ರೋಗಿಯ ಬಲ, ವಯಸ್ಸು, ಋತು ನೋಡಬೇಕೆಂದು ನಮ್ಮ ಹಕೀಮರೇ ಹೇಳಿದ್ದಾರೆ.

ಆದರೆ ಅವರ ಇನ್ನೊಂದು ಮಾತು ಇಲ್ಲಿ ಪೂರ್ತಿ ಉಪಯೋಗಕ್ಕೆ ಬರುತ್ತದೆ. ಮೊದಲು ಮುಂಝಿಜ್, ಆಮೇಲೆ ಮುಸ್‌ಹಿಲ್. ದೇಹವನ್ನು ಕೆಲವು ದಿನ ಹದಗೊಳಿಸಿ ನಂತರ ಶುದ್ಧಿ ಮಾಡಬೇಕು. ಮೂರು ದಿನದ ಪಥ್ಯವಿಲ್ಲದೆ ಎರಡು ಲೀಟರ್ ಔಷಧಿ ಕುಡಿಯುವುದು ಹದ ಮಾಡದ ಹೊಲಕ್ಕೆ ನೀರು ಬಿಟ್ಟಂತೆ.

ತಹಾರತ್, ನಮಾಝ್, ಸಂಕೋಚ

ಹತ್ತಾರು ಸಲ ಶೌಚಕ್ಕೆ ಹೋದಾಗ ಚರ್ಮ ಉರಿಯುತ್ತದೆ. ಉಗುರು ಬೆಚ್ಚಗಿನ ನೀರಿನಲ್ಲಿ ತೊಳೆದು, ಉಜ್ಜದೆ ಮೆತ್ತನೆ ಬಟ್ಟೆಯಿಂದ ಒತ್ತಿ ಒರೆಸಿ, ಕೊಬ್ಬರಿ ಎಣ್ಣೆ ಹಚ್ಚಿ. ವುಝೂ ನಿಲ್ಲದಷ್ಟು ಭೇದಿಯಾಗುವಾಗ ನಮಾಝಿನ ವಿಧಿ ಏನೆಂದು ಊರಿನ ಆಲಿಮರನ್ನು ಮೊದಲೇ ಕೇಳಿಟ್ಟುಕೊಳ್ಳಿ. ಆ ಚಿಂತೆಯಿಂದ ಔಷಧಿಯನ್ನು ಅರ್ಧಕ್ಕೆ ಬಿಡಬೇಡಿ. ರಮಝಾನಿನಲ್ಲಿ ಅವಸರವಿಲ್ಲದ ಪರೀಕ್ಷೆಯನ್ನು ಮುಂದಕ್ಕೆ ಹಾಕಬಹುದು. ರಕ್ತ ಹೋಗುತ್ತಿದ್ದರೆ ಹಾಕಬಾರದು. ರೋಗಿಗಳು ಬಿಟ್ಟ ಉಪವಾಸವನ್ನು ಬೇರೆ ದಿನ ಪೂರೈಸಲು ಕುರ್‌ಆನ್ ಸೂರಃ ಅಲ್-ಬಕರದಲ್ಲಿ ಅವಕಾಶ ನೀಡಿದೆ.

ಹೆಂಗಸರು ನಾಚಿಕೆಯಿಂದ ಈ ಪರೀಕ್ಷೆಯನ್ನು ವರ್ಷಗಟ್ಟಲೆ ಮುಂದೂಡುವುದನ್ನು ನೋಡಿದ್ದೇನೆ. ಪರೀಕ್ಷೆಯ ವೇಳೆ ಮೈ ಮುಚ್ಚಿಯೇ ಇರುತ್ತದೆ. ಮಹಿಳಾ ನರ್ಸ್ ಜೊತೆಗಿರಬೇಕೆಂದು ಮೊದಲೇ ಕೇಳಿ, ಕೇಳುವುದು ನಿಮ್ಮ ಹಕ್ಕು. ಗಂಡಸರೇ, ನಿಮ್ಮ ತಾಯಿ, ಅಕ್ಕ, ಹೆಂಡತಿ ಬಾಯಿಬಿಟ್ಟು ಹೇಳದಿರಬಹುದು. ನೀವೇ ಕೇಳಿ.

ಯಾವಾಗ ಆಸ್ಪತ್ರೆಗೆ ಓಡಬೇಕು?

ನಿಲ್ಲದ ವಾಂತಿ, ತೀವ್ರ ಹೊಟ್ಟೆನೋವು, ಹೆಚ್ಚು ರಕ್ತ, ಮೂರ್ಛೆ, ಎರಡು ಸಲ ಸಿಹಿ ಕುಡಿದರೂ 70 ದಾಟದ ಸಕ್ಕರೆ, 300ರ ಮೇಲೇ ನಿಂತ ಸಕ್ಕರೆ, ಏದುಸಿರು, ಮಂಪರು. ಇವುಗಳಲ್ಲಿ ಯಾವುದಾದರೂ ಕಂಡರೆ ಬೆಳಗಾಗಲಿ ಎಂದು ಕಾಯದೆ 108ಕ್ಕೆ ಕರೆ ಮಾಡಿ.

ಪರೀಕ್ಷೆ ಮುಗಿದ ಮೇಲೆ ಆಸ್ಪತ್ರೆಯಲ್ಲಿ ಒಪ್ಪಿಗೆ ಕೊಟ್ಟ ಕೂಡಲೇ ಇಡ್ಲಿ, ಗಂಜಿಯಂಥ ಲಘು ಆಹಾರ ತೆಗೆದುಕೊಳ್ಳಿ. ಊಟ ಶುರುವಾದ ಮೇಲೆಯೇ ಸಕ್ಕರೆ ಮಾತ್ರೆ. ಡಾಪಾಗ್ಲಿಫ್ಲೋಜಿನ್ ಜಾತಿಯದನ್ನು ಎಂದಿನಂತೆ ಊಟ ಸೇರತೊಡಗಿದ ನಂತರ. ಮಂಪರು ಔಷಧಿ ಕೊಟ್ಟಿದ್ದರೆ ಆ ದಿನ ಗಾಡಿ ಓಡಿಸಬೇಡಿ. ಜೊತೆಗೆ ಒಬ್ಬರು ಇರಲೇಬೇಕು.

ಕೊನೆಯದಾಗಿ ಒಂದು ಕೋರಿಕೆ. ಆಸ್ಪತ್ರೆಯ ಚೀಟಿ ಇಂಗ್ಲಿಷಿನಲ್ಲಿದ್ದರೆ ಕಾಲೇಜಿಗೆ ಹೋಗುವ ಮಗನನ್ನೋ ಮಗಳನ್ನೋ ಕೂರಿಸಿಕೊಂಡು ಸಾಲು ಸಾಲಾಗಿ ಓದಿಸಿ, ಕನ್ನಡದಲ್ಲೋ ಉರ್ದುವಿನಲ್ಲೋ ಬರೆಸಿ ಅಡುಗೆಮನೆಯ ಗೋಡೆಗೆ ಅಂಟಿಸಿ. ಎರಡನೆಯ ಸಲ ಚಾಚಾ ಮನೆಯಲ್ಲಿ ಮಾಡಿದ್ದು ಅದನ್ನೇ. ಬರೆದವಳು ಅವರ ಮೊಮ್ಮಗಳು. ಮೊದಲ ಸಾಲಿನಲ್ಲೇ ದೊಡ್ಡದಾಗಿ ಹೀಗಿತ್ತು: 'ದಾದಾಗೆ ಕಾಯಿ ಚಟ್ನಿ ಕೊಡಬಾರದು. ಕೇಳಿದರೂ ಕೊಡಬಾರದು.'

ಅಲ್ಲಾಹನು ಎಲ್ಲ ರೋಗಿಗಳಿಗೂ ಶಿಫಾ ನೀಡಲಿ. ಆಮೀನ್.